ಹೊರಮೈ ಬಣ್ಣ ಮತ್ತು ಬಿಸಿಲಿನ ಕಾವು: ಬೆಂಗಳೂರು ಹೊರವಲಯದ ತಗಡಿನ ಸೂರುಗಳು

ತೆಳು ತಗಡಿನಿಂದ ಕಟ್ಟಿದ ಆವರಣವೊಂದು ಬಿಸಿಲಿನಲ್ಲಿ ಎಷ್ಟು ಕಾಯುತ್ತದೆ ಎಂಬುದನ್ನು ಅದರ ಹೊರಮೈಯ ಬಣ್ಣ ಮತ್ತು ಲೇಪನ ಬಹುಮಟ್ಟಿಗೆ ನಿರ್ಧರಿಸುತ್ತವೆ. ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಕ್ಯಾಂಪರ್ ಗಾಡಿಗಳು ಬಳಕೆಯಲ್ಲಿರುವ ದೇಶಗಳಲ್ಲಿ ಇದು ಪ್ರವಾಸಿಗರ ಅನುಕೂಲಕ್ಕೆ ಸಂಬಂಧಿಸಿದ ಪ್ರಶ್ನೆ. ಬೆಂಗಳೂರಿನ ಹೊರವಲಯದಲ್ಲಿ ಅಂಥ ಗಾಡಿಗಳು ವಿರಳ. ಆದರೆ ತಗಡಿನ ಕೆಳಗೆ ಹಗಲು ಕಳೆಯುವವರು ಇಲ್ಲಿ ಲೆಕ್ಕವಿಲ್ಲದಷ್ಟು. ಪೀಣ್ಯದ ಲೇತ್ ಮತ್ತು ಪ್ರೆಸ್ ಶೆಡ್ಡುಗಳು, ವೈಟ್‌ಫೀಲ್ಡ್ ಸುತ್ತಲ ಅಪಾರ್ಟ್‌ಮೆಂಟ್ ಕಾಮಗಾರಿಗಳ ಪಕ್ಕದ ಲೇಬರ್ ಶೆಡ್ಡುಗಳು, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನ ಬಾಡಿಗೆ ಶೀಟ್ ಮನೆಗಳು, ಕಂಟ್ರಾಕ್ಟರುಗಳ ಪೋರ್ಟಾ ಕ್ಯಾಬಿನ್‌ಗಳು, ಗೇಟಿನ ಬಳಿಯ ಸೆಕ್ಯುರಿಟಿ ಗೂಡುಗಳು, ಕಂಪನಿ ನೌಕರರನ್ನು ಹೊತ್ತು ತಿರುಗುವ ಟಿಟಿ (ಟೆಂಪೊ ಟ್ರಾವೆಲರ್), ಮಿನಿಬಸ್ಸು, ಕ್ಯಾಬುಗಳು, ಇವೆಲ್ಲವೂ ಶಾಖದ ಲೆಕ್ಕದಲ್ಲಿ ಒಂದೇ ಜಾತಿಗೆ ಸೇರಿದವು: ಮೇಲೆ ಒಂದು ಮಿಲಿಮೀಟರಿನೊಳಗಿನ ದಪ್ಪದ ಲೋಹ, ಕೆಳಗೆ ಮನುಷ್ಯ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಗಾಜು ಹೆಚ್ಚಿರುವ, ಎಸಿ ಓಡುವ ಕಾರಿನಲ್ಲಿ ಬಣ್ಣದಿಂದಾಗುವ ಉಪಕಾರ ಮಿತವಾದದ್ದು. ಕಿಟಕಿ ಚಿಕ್ಕದಾಗಿದ್ದು ಸೂರೇ ಸರ್ವಸ್ವವಾದ ಶೆಡ್ಡಿನಲ್ಲಿ ಅದು ಬಹಳ ದೊಡ್ಡದು. ಬಣ್ಣದ ಬಗ್ಗೆ ನಾವು ಯೋಚಿಸುವುದು ಮಾತ್ರ ಕಾರು ಕೊಳ್ಳುವಾಗ. ಸೂರು ಹಾಕುವಾಗ ಆ ಮಾತೇ ಬರುವುದಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಆ ಎತ್ತರವೇ ಊರಿಗೆ ತಂಪಿನ ಹೆಸರು ತಂದುಕೊಟ್ಟಿದೆ. ಏಪ್ರಿಲ್‌ನಲ್ಲಿ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಇರುತ್ತದೆ. ರಾಯಚೂರು, ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಪಾಲಿಗೆ ಅದು ಬೇಸಿಗೆಯೆಂದು ಕರೆಯುವಂಥದ್ದೂ ಅಲ್ಲ. ಆದರೆ ಹವಾಮಾನ ಇಲಾಖೆ ಅಳೆಯುವುದು ನೆರಳಿನಲ್ಲಿರುವ ಗಾಳಿಯನ್ನು. ತಗಡನ್ನು ಕಾಯಿಸುವುದು ಬಿಸಿಲು, ಬಿಸಿಲಿನ ವಿಷಯದಲ್ಲಿ ಬೆಂಗಳೂರು ಬಯಲುಸೀಮೆಯ ಯಾವ ಊರಿಗೂ ಕಡಿಮೆಯಿಲ್ಲ. ಎತ್ತರದ ಊರಿಗೆ ತಲುಪುವ ಮುನ್ನ ಬಿಸಿಲು ದಾಟಬೇಕಾದ ಗಾಳಿಯ ಪದರ ಅಷ್ಟರಮಟ್ಟಿಗೆ ತೆಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆಕಾಶವೂ ಬಹುಪಾಲು ನಿರ್ಮಲ. ಊರಿನ ಅಕ್ಷಾಂಶ ಉತ್ತರಕ್ಕೆ ಸುಮಾರು 13 ಡಿಗ್ರಿಯಾದ್ದರಿಂದ ಸೂರ್ಯ ವರ್ಷಕ್ಕೆರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಅಡ್ಡ ನಿಂತು ಕಾಪಾಡುತ್ತದೆ. ಏಪ್ರಿಲ್‌ನಲ್ಲಿ ಆ ಆಸರೆಯೂ ಇಲ್ಲ. ನಗರದ ದಾಖಲೆಯ ಗರಿಷ್ಠ ತಾಪಮಾನವಾದ 39.2 ಡಿಗ್ರಿ ಬಂದದ್ದೂ 2016ರ ಏಪ್ರಿಲ್ 24ರಂದೇ. ಸೂರ್ಯ ನೆತ್ತಿಯ ಮೇಲಿದ್ದಾಗ ನೇರ ಬಿಸಿಲು ಗೋಡೆಗೆ ತಾಗುವುದೇ ಇಲ್ಲ, ಬೀಳುವುದೆಲ್ಲ ಸೂರಿನ ಮೇಲೆ. ಚದರ ಮೀಟರಿಗೆ 900ರಿಂದ 1,000 ವ್ಯಾಟ್‌ನಷ್ಟು ಶಕ್ತಿ ಹೀಗೆ ಇಳಿಯುತ್ತದೆ. ಬೆಳಗ್ಗೆ ಪೂರ್ವದ ಗೋಡೆಯೂ ಸಂಜೆ ಪಶ್ಚಿಮದ ಗೋಡೆಯೂ ತಮ್ಮ ಪಾಲನ್ನು ಪಡೆಯುತ್ತವೆ, ನಿಜ. ಆದರೂ ಈ ಊರಿನ ಬೇಸಿಗೆಯಲ್ಲಿ ಬಣ್ಣದ ಪ್ರಶ್ನೆ ಎಂದರೆ ಮೊದಲಿಗೆ ಸೂರಿನ ಬಣ್ಣದ ಪ್ರಶ್ನೆ.

ಬಿಸಿಲಿನ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನೇರಳಾತೀತ ಕಿರಣಗಳದು ನೂರಕ್ಕೆ ಸುಮಾರು ಐದು ಪಾಲು. ಮಿಕ್ಕ ಸುಮಾರು ಅರ್ಧ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಆದ್ದರಿಂದ ಒಂದು ಬಣ್ಣ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಅದು ಬಿಸಿಲಿಗೆ ಹೇಗೆ ವರ್ತಿಸುತ್ತದೆ ಎಂಬುದರ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಬಿದ್ದ ಬಿಸಿಲಿನಲ್ಲಿ ಎಷ್ಟು ಭಾಗ ಹಿಂದಿರುಗುತ್ತದೆ ಎಂಬ ಅಳತೆಗೆ ಸೌರ ಪ್ರತಿಫಲನ ಎಂದು ಹೆಸರು. ಎಲ್ಲವನ್ನೂ ನುಂಗಿದರೆ ಸೊನ್ನೆ, ಎಲ್ಲವನ್ನೂ ಹಿಂದಿರುಗಿಸಿದರೆ ಒಂದು. ಹೊಸ ಬಿಳಿ ಲೇಪನಕ್ಕೆ ಇದು 0.75ರಿಂದ 0.85, ಕೆಂಪು ಹೆಂಚಿಗೆ ಮೂರನೇ ಒಂದು ಭಾಗದ ಆಸುಪಾಸು, ಕಪ್ಪು ಬಣ್ಣಕ್ಕೆ 0.05. ಇದು ಎಲ್ಲರೂ ಅಂದಾಜಿಸಬಹುದಾದ ಸಂಗತಿ. ಎರಡನೆಯ ಗುಣವೊಂದಿದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ: ಕಾದ ಮೈ ತನ್ನ ಕಾವನ್ನು ಆಕಾಶಕ್ಕೆ ಎಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ ಎಂಬುದು. ಇದಕ್ಕೆ ಉತ್ಸರ್ಜನೆ ಎನ್ನುತ್ತಾರೆ. ಬಣ್ಣ ಯಾವುದೇ ಇರಲಿ, ಪೇಂಟ್ ಬಳಿದ ಮೈಯ ಉತ್ಸರ್ಜನೆ ಸಾಮಾನ್ಯವಾಗಿ 0.85ರಿಂದ 0.95. ಸಿಮೆಂಟು, ಹೆಂಚು, ಮನುಷ್ಯನ ಚರ್ಮ ಇವೂ ಅದೇ ಸಾಲಿನವು. ಬಣ್ಣವಿಲ್ಲದ ಹೊಸ ಜಿಂಕ್ ಶೀಟಿನದು ಮಾತ್ರ 0.1ರ ಸುಮಾರು, ಕೆಲವೊಮ್ಮೆ ಇನ್ನೂ ಕಡಿಮೆ. ಕನ್ನಡಿಯಂತೆ ಮಿರುಗುವ ಹೊಸ ತಗಡು ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆಸೆದರೂ ಉಳಿದದ್ದನ್ನು ಹಿಡಿದಿಟ್ಟುಕೊಂಡು, ಮುಟ್ಟಿದರೆ ಕೈ ಸುಡುವಷ್ಟು ಕಾಯುವುದು ಈ ಕಾರಣಕ್ಕೆ. ಹೊಳಪಿದ್ದರೆ ತಂಪು ಎಂಬ ನಂಬಿಕೆ ಸೂರಿನ ಹೊರಮೈಗೆ ಸಲ್ಲದು. ಅಲ್ಯೂಮಿನಿಯಂ ಪೇಂಟ್ ಬಳಿದ ಸೂರು ಬಿಳಿ ಬಳಿದ ಸೂರಿಗಿಂತ ಹೆಚ್ಚು ಬಿಸಿಯಾಗುವುದಕ್ಕೂ ಇದೇ ಕಾರಣ.

ಬಿಳಿ ಬಣ್ಣದೊಳಗೇ ಮಿರುಗು ಪೇಂಟಿಗೂ ಮಂಕು ಪೇಂಟಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಎರಡೂ ಹಿಂದಿರುಗಿಸುವ ಬಿಸಿಲಿನ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಒಂದೇ. ಮಿರುಗು ಮೈ ಅದನ್ನು ಒಂದು ದಿಕ್ಕಿಗೆ ಎಸೆಯುತ್ತದೆ, ಮಂಕು ಮೈ ಸುತ್ತ ಚೆಲ್ಲುತ್ತದೆ. ನುಣುಪಾದ ಮೈಗೆ ಧೂಳು ಕಡಿಮೆ ಹಿಡಿಯುತ್ತದೆ, ಒರೆಸಿದರೆ ಬೇಗ ಬಿಡುತ್ತದೆ. ಗಾಡಿಗಳಿಗೆ ಅದು ಅನುಕೂಲ. ಸೂರಿಗೆ ಮಂಕು ಬಿಳಿಯೇ ಲೇಸು. ವೈಟ್‌ಫೀಲ್ಡ್‌ನಲ್ಲಿ ಶೆಡ್ಡಿನ ಪಕ್ಕದಲ್ಲೇ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್ ಇರುತ್ತದೆ, ಮಿರುಗುವ ಸೂರು ಮೇಲಿನವರ ಕಣ್ಣು ಕುಕ್ಕುತ್ತದೆ.

ಪ್ರತಿಫಲನ, ಉತ್ಸರ್ಜನೆ ಎಂಬ ಎರಡು ಗುಣಗಳ ಲೆಕ್ಕಾಚಾರ ಪೀಣ್ಯಕ್ಕೆ ಹೊಸದೇನಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು 1970ರ ದಶಕದ ಆರಂಭದಲ್ಲಿ ವಿಜ್ಞಾನಿ ಯು. ಆರ್. ರಾವ್ ನೇತೃತ್ವದ ತಂಡ ಕಟ್ಟಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನ ಮೇಲೆ ಕಕ್ಷೆ ಸೇರಿತು. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಬೀಸಿ ತಂಪು ಮಾಡುವುದು ಅಲ್ಲಿ ಸಾಧ್ಯವಿಲ್ಲ. ಉಪಗ್ರಹ ಬಿಸಿಲಿನಿಂದ ಎಷ್ಟು ಹೀರಬೇಕು, ಎಷ್ಟನ್ನು ಅವಕೆಂಪು ಕಿರಣವಾಗಿ ಹೊರಹಾಕಬೇಕು ಎಂಬುದನ್ನು ಮುಖ್ಯವಾಗಿ ಅದರ ಹೊರಮೈಯ ಲೇಪನವೇ ನಿಭಾಯಿಸಬೇಕು. ಹಾಗಾಗಿ ಹೀರಿಕೆಗೂ ಉತ್ಸರ್ಜನೆಗೂ ಇರುವ ಅನುಪಾತ ಉಪಗ್ರಹ ತಜ್ಞರಿಗೆ ಮೊದಲ ಪಾಠ. ಆ ಪಾಠ ನಡೆದ ಕೈಗಾರಿಕಾ ವಸಾಹತಿನಲ್ಲೇ ಇಂದಿಗೂ ಸಾವಿರಾರು ಮಂದಿ ಪಾಚಿ ಹಿಡಿದು ಕಪ್ಪಾದ ಸಿಮೆಂಟ್ ಶೀಟು, ತುಕ್ಕು ಹಿಡಿದ ಜಿಂಕ್ ಶೀಟುಗಳ ಕೆಳಗೆ ದುಡಿಯುತ್ತಿದ್ದಾರೆ. ಆಕಾಶಕ್ಕೆ ಹೋದ ಯಂತ್ರಕ್ಕೆ ಸಿಕ್ಕ ಎಚ್ಚರಿಕೆಯಲ್ಲಿ ಒಂದು ಪಾಲು ಆ ಸೂರುಗಳಿಗೂ ಸಿಗಬೇಕಾಗಿತ್ತು ಎಂಬುದು ಈ ಲೇಖಕನ ದೃಢ ಅಭಿಪ್ರಾಯ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. ಹತ್ತಡಿಗೆ ಹತ್ತಡಿಯ ಶೀಟ್ ಮನೆಯ ಸೂರು ಸುಮಾರು 9.3 ಚದರ ಮೀಟರ್. ಏಪ್ರಿಲ್‌ನ ನಡುಹಗಲಲ್ಲಿ ಚದರ ಮೀಟರಿಗೆ 950 ವ್ಯಾಟ್ ಬಿಸಿಲು, 34 ಡಿಗ್ರಿಯ ಗಾಳಿ, ಮೆಲ್ಲನೆಯ ಬೀಸು ಎಂದಿಟ್ಟುಕೊಂಡರೆ ಆ ಸೂರಿನ ಮೇಲೆ ಬೀಳುವುದು ಎಂಟೂಮುಕ್ಕಾಲು ಕಿಲೋವ್ಯಾಟ್. ಪ್ರತಿಫಲನ 0.2 ಇರುವ ಗಾಢ ಬಣ್ಣದ ಶೀಟು ಅದರಲ್ಲಿ ಏಳು ಕಿಲೋವ್ಯಾಟನ್ನು ಹೀರುತ್ತದೆ, 0.75 ಇರುವ ಬಿಳಿ ಶೀಟು ಹೀರುವುದು ಎರಡು ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು. ವ್ಯತ್ಯಾಸ ಸುಮಾರು ಐದು ಇಸ್ತ್ರಿಪೆಟ್ಟಿಗೆಗಳಷ್ಟು. ಹೀರಿದ್ದೆಲ್ಲ ಒಳಗೆ ಬರುವುದಿಲ್ಲ. ಬಹುಪಾಲನ್ನು ಗಾಳಿ ಒಯ್ಯುತ್ತದೆ, ಒಂದಷ್ಟು ಆಕಾಶಕ್ಕೆ ಹೋಗುತ್ತದೆ. ಈ ಕೊಡುಕೊಳೆ ಸಮಕ್ಕೆ ಬಂದು ನಿಲ್ಲುವ ಹೊತ್ತಿಗೆ ಗಾಢ ಬಣ್ಣದ ಶೀಟಿನ ತಾಪ 63 ಡಿಗ್ರಿಯ ಸುಮಾರು, ಬಿಳಿ ಶೀಟಿನದು 42ರ ಸುಮಾರು. ಗಾಳಿ ನಿಂತರೆ ಎರಡೂ ಏರುತ್ತವೆ, ಗಾಢ ಬಣ್ಣದ್ದು ಹೆಚ್ಚು ಏರುತ್ತದೆ. ಹೊಸ ಜಿಂಕ್ ಶೀಟನ್ನು ಇದೇ ಲೆಕ್ಕಕ್ಕೆ ಹಾಕಿದರೆ 60 ಡಿಗ್ರಿ ಬರುತ್ತದೆ. ಅಂದರೆ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹಿಂದಿರುಗಿಸುವ ತಗಡೂ ಕಾವಿನಲ್ಲಿ ಗಾಢ ಬಣ್ಣದ ಶೀಟಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಈಗ ಅದೇ ಶೀಟನ್ನು ಕೆಳಗಿನಿಂದ ನೋಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಶೀಟ್ ಮನೆಯೊಳಗೆ ಕೂತವರಿಗೆ ಗಾಳಿಯ ಸೆಕೆಗಿಂತ ಮೊದಲು ಅರಿವಾಗುವುದು ನೆತ್ತಿಗೂ ಹೆಗಲಿಗೂ ಇಳಿಯುವ ಝಳ. ಕಾದ ಕಾವಲಿಯ ಮೇಲೆ ಮುಟ್ಟದೆ ಅಂಗೈ ಹಿಡಿದರೆ ಆಗುವ ಅನುಭವ ಅದೇ. ಫ್ಯಾನು ತಿರುಗಿದಷ್ಟೂ ಶೀಟಿಗೆ ತಾಗಿ ಬಿಸಿಯಾದ ಗಾಳಿಯೇ ಕೆಳಗಿಳಿಯುತ್ತದೆ, ಝಳವನ್ನಂತೂ ಫ್ಯಾನು ತಡೆಯಲಾರದು. 63 ಡಿಗ್ರಿಗೆ ಕಾದ, ಒಳಮೈಗೂ ಪೇಂಟ್ ಇರುವ ಶೀಟು 35 ಡಿಗ್ರಿಯ ಮೈಯತ್ತ ಚದರ ಮೀಟರಿಗೆ ಸುಮಾರು 190 ವ್ಯಾಟ್ ಸುರಿಸುತ್ತದೆ. ಮೇಲೆ ಬಿಳಿ ಬಳಿದ ಶೀಟು ಸುರಿಸುವುದು 45ರೊಳಗೆ. ಹೊರಗೆ ಅಪರಾಧಿಯಾಗಿದ್ದ ಲೋಹದ ಹೊಳಪು ಒಳಗೆ ಉಪಕಾರಿಯಾಗುವುದು ಇಲ್ಲಿಯೇ: ಉತ್ಸರ್ಜನೆ ಕಡಿಮೆಯಿರುವ ಬರಿಯ ಜಿಂಕ್ ಒಳಮೈ ತಾನು ಕಾದರೂ ಕಾವನ್ನು ಕೆಳಕ್ಕೆ ಸುಲಭವಾಗಿ ಸುರಿಸದು. ಅಲ್ಪ ವೆಚ್ಚದಲ್ಲಿ ಹೆಚ್ಚು ಫಲ ಕೊಡುವ ಜೋಡಿ ಎಂದರೆ ಹೊರಗೆ ಬಿಳಿ ಲೇಪನ, ಒಳಗೆ ಬಣ್ಣ ಬಳಿಯದ ಲೋಹ. ಚೆಂದ ಕಾಣಲೆಂದು ಒಳಮೈಗೂ ಪೇಂಟ್ ಹೊಡೆಸುವುದು ಬಿಸಿಯನ್ನು ಕರೆದು ಕೂರಿಸಿದಂತೆ. ಸೌದೆ ಒಲೆಯ ಮಸಿ, ತುಕ್ಕು, ಎಣ್ಣೆಯ ಹಬೆ ಹತ್ತಿದಾಗಲೂ ಒಳಮೈ ಆ ಗುಣವನ್ನು ಕಳೆದುಕೊಳ್ಳುತ್ತದೆ.

ಗಾಡಿಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಮಾದರಿಯ ಎರಡು ಹೊಂಡಾ ಸಿವಿಕ್ ಕಾರುಗಳನ್ನು, ಒಂದು ಕಪ್ಪು ಮತ್ತೊಂದು ಬೆಳ್ಳಿ ಬಣ್ಣದ್ದು, ಬಿಸಿಲಿಗೆ ನಿಲ್ಲಿಸಿ ಅಳೆದರು. ಛಾವಣಿಯ ತಗಡಿನಲ್ಲಿ ವ್ಯತ್ಯಾಸ 25 ಡಿಗ್ರಿಯವರೆಗೂ ಹೋಯಿತು. ಒಳಗೆ ಕೂತವರು ಉಸಿರಾಡುವ ಎತ್ತರದ ಗಾಳಿಯಲ್ಲಿ ಅದು ಐದಾರು ಡಿಗ್ರಿಗೆ ಇಳಿಯಿತು. ಮಿಕ್ಕ ಕಾವು ಬಂದದ್ದು ಹೆಚ್ಚಾಗಿ ಗಾಜಿನ ಮೂಲಕ, ಡ್ಯಾಶ್‌ಬೋರ್ಡು ಮತ್ತು ಸೀಟುಗಳ ಮೇಲೆ ಬಿದ್ದ ಬಿಸಿಲಿನಿಂದ. ಬೆಳ್ಳಿ ಬಣ್ಣದ ಕಾರು ಬರಿಯ ತಗಡಿನಂತೆ ಏಕೆ ಕಾಯಲಿಲ್ಲ ಎಂದು ಕೇಳಬಹುದು. ಅದರ ಲೋಹದ ಪುಡಿಯ ಮೇಲೆ ಪಾರದರ್ಶಕ ಲೇಪನದ ಪದರವೊಂದಿರುತ್ತದೆ. ಬಿಸಿಲು ಆ ಪದರವನ್ನು ದಾಟಿ ಲೋಹಕ್ಕೆ ತಾಗಿ ಹಿಂದಿರುಗುತ್ತದೆ, ಕಾವನ್ನು ಹೊರಹಾಕುವ ಕೆಲಸವನ್ನು ಪದರ ಮಾಡುತ್ತದೆ. ಬಣ್ಣದ ಹೆಸರು ಕೇಳಿ ತೀರ್ಮಾನಕ್ಕೆ ಬರಬಾರದು, ಲೇಪನದ ರಚನೆಯನ್ನೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಗಾಜಿನ ದಾರಿಯನ್ನು ಮುಚ್ಚುವುದಕ್ಕೆ ನಮ್ಮಲ್ಲಿ ಕಾನೂನಿನ ಮಿತಿಯಿದೆ. ವಾಹನದ ಮುಂದಿನ ಮತ್ತು ಹಿಂದಿನ ಗಾಜು ನೂರಕ್ಕೆ 70, ಪಕ್ಕದ ಗಾಜು ನೂರಕ್ಕೆ 50 ಭಾಗ ಬೆಳಕನ್ನಾದರೂ ಬಿಡಬೇಕು ಎಂಬ ನಿಯಮದ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಹೀಗಾಗಿ ಕಾರಿನಲ್ಲಿ ಬಣ್ಣಕ್ಕೆ ಉಳಿಯುವುದು ಸಹಾಯಕ ಪಾತ್ರ.

ಆದರೆ ಗಾಡಿ ದೊಡ್ಡದಾದಂತೆ ಛಾವಣಿಯ ಪಾಲು ಹೆಚ್ಚುತ್ತದೆ. ಟಿಟಿ, ಮಿನಿಬಸ್ಸುಗಳ ಉದ್ದನೆಯ ಛಾವಣಿ ತಲೆಯಿಂದ ಹೆಚ್ಚು ದೂರವೇನೂ ಇರುವುದಿಲ್ಲ. ಅದೃಷ್ಟಕ್ಕೆ ಅವುಗಳಲ್ಲಿ ಬಹಳಷ್ಟು ಬಿಳಿ. ಅದರ ಕಾರಣ ಶಾಖಕ್ಕೆ ಸಂಬಂಧಿಸಿದ್ದಲ್ಲ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಪ್ರವಾಸಿ ಬಸ್ಸಿನಂಥ ವಾಹನಗಳಿಗೆ ಬಿಳಿ ಬಣ್ಣವನ್ನೂ ಮೈಯ ನಡುವೆ ಐದು ಸೆಂಟಿಮೀಟರ್ ಅಗಲದ ನೀಲಿ ಪಟ್ಟಿಯನ್ನೂ ವಿಧಿಸಿದವು. ಗುರುತಿಗಾಗಿ ಮಾಡಿದ ನಿಯಮ ಬಿಸಿಲಿನಿಂದಲೂ ಕಾಪಾಡಿತು. ಬಿಳಿಯಲ್ಲದ ಗಾಡಿಯಲ್ಲೂ ಛಾವಣಿಯೊಂದನ್ನು ಬಿಳಿ ಮಾಡಿದರೆ ಬೇಸಿಗೆಯ ನಡುಹಗಲಿಗೆ ಅದು ಬಹುಪಾಲು ಸಾಕು. ಸೂರ್ಯ ನೆತ್ತಿಯ ಮೇಲಿರುವ ಊರಿನಲ್ಲಿ ಬಾಗಿಲಿನ ಬಣ್ಣಕ್ಕೆ ಆ ಮಹತ್ವವಿಲ್ಲ. ಮಲಗುವ ಸೌಕರ್ಯದ ಕ್ಯಾಂಪರನ್ನು ಇಲ್ಲಿ ಯಾರಾದರೂ ಮಾಡಿಸಿಕೊಂಡರೆ ಅವರಿಗೂ ಇದೇ ಮಾತು ಅನ್ವಯಿಸುತ್ತದೆ, ಇನ್ನೂ ಬಲವಾಗಿ. ಏಕೆಂದರೆ ಅದರಲ್ಲಿ ಗಾಜು ಕಡಿಮೆ, ನಿಂತ ಹೊತ್ತು ಜಾಸ್ತಿ. ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಲ್ಲಿ ಒಂದರ ಮೇಲೊಂದು ಪೇರಿಸಿದ ಕಂಟೇನರುಗಳಿಗೂ, ಅಂಥ ಕಂಟೇನರನ್ನು ಕತ್ತರಿಸಿ ಮಾಡಿದ ಸೈಟ್ ಆಫೀಸಿಗೂ ಇದು ಸಲ್ಲುತ್ತದೆ. ಸರಕು ಸಾಗಣೆಗೆಂದು ಕಂದು, ಕಡುನೀಲಿ ಬಣ್ಣ ಹೊಡೆದದ್ದನ್ನು ಹಾಗೇ ಉಳಿಸಿಕೊಂಡು, ಕಿಟಕಿ ಕೊರೆದು, ಒಳಗೆ ಎಂಜಿನಿಯರನ್ನು ಕೂರಿಸಿ, ಮೇಲೆ ಎಸಿ ಜೋಡಿಸುವುದು ವಾಡಿಕೆ. ಛಾವಣಿಗೆ ಎರಡು ಕೋಟು ಬಿಳಿ ಬಳಿದಿದ್ದರೆ ಆ ಎಸಿ ಅಷ್ಟು ಹೊತ್ತು ಏದುಸಿರು ಬಿಡಬೇಕಾಗಿರಲಿಲ್ಲ.

ಬಿಳಿ ಬಣ್ಣದ ವಿರುದ್ಧ ಹೇಳುವ ಮಾತುಗಳಲ್ಲಿ ತೂಕವುಳ್ಳದ್ದು ಧೂಳಿನದು. ಹೊರವಲಯ ಎಂದರೆ ಧೂಳು: ಅಗೆದ ರಸ್ತೆಯ ಕೆಮ್ಮಣ್ಣು, ರೆಡಿಮಿಕ್ಸ್ ಲಾರಿಯ ಸಿಮೆಂಟು, ಪೀಣ್ಯದ ಗ್ರೈಂಡರುಗಳ ಕಬ್ಬಿಣದ ಪುಡಿ, ಡೀಸೆಲ್ ಮಸಿ. 0.8ರಲ್ಲಿ ಆರಂಭವಾದ ಬಿಳಿ ಸೂರು ಕೆಲವೇ ವರ್ಷಗಳಲ್ಲಿ 0.6ರ ಆಸುಪಾಸಿಗೆ, ಕೊಳಕು ಹೆಚ್ಚಿದ್ದರೆ ಅದಕ್ಕೂ ಕೆಳಕ್ಕೆ ಇಳಿಯುವುದು ಸಾಮಾನ್ಯ. ಈ ಆಕ್ಷೇಪವನ್ನು ಒಪ್ಪಲೇಬೇಕು. ಆದರೆ ಅದರಿಂದ ಹೊರಡುವ ತೀರ್ಮಾನ ಬಿಳಿ ಬೇಡ ಎಂಬುದಲ್ಲ. ಮಂಕಾದ ಬಿಳಿಯ 0.6 ಕೂಡ ಹೊಸ ಕಡುನೀಲಿಯ 0.25ಕ್ಕಿಂತ ಎಷ್ಟೋ ಮೇಲು. ಎರಡನೆಯದಾಗಿ, ತೊಳೆದರೆ ಕಳೆದುಹೋದದ್ದರ ಹೆಚ್ಚಿನ ಭಾಗ ಮರಳುತ್ತದೆ. ಬೆಂಗಳೂರಿನ ಮಳೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಸೂರನ್ನು ಚೆನ್ನಾಗಿ ತೊಳೆಯುತ್ತದೆ. ನವೆಂಬರ್‌ನಿಂದ ಧೂಳು ಕೂರಲು ತೊಡಗಿ, ಬಿಸಿಲು ಏರುವ ಮಾರ್ಚ್ ಹೊತ್ತಿಗೆ ಪದರ ಅತಿ ದಪ್ಪವಾಗಿರುತ್ತದೆ. ತೊಳೆಯಬೇಕಾದ ಕಾಲ ಹಾಗಾದರೆ ಫೆಬ್ರವರಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುತ್ತದೆ ಎನ್ನುವ ನಮ್ಮ ಜನ, ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವ ರೂಢಿಯನ್ನೂ ಇಟ್ಟುಕೊಂಡಿದ್ದಾರೆ. ಅದೇ ಹೊತ್ತಿಗೆ ಅದೇ ಸುಣ್ಣದ ಬಕೆಟ್ಟು ಏಣಿ ಹತ್ತಿ ಸೂರಿಗೂ ಹೋದರೆ, ಮಳೆಗೆ ತೊಳೆದುಹೋಗುವ ಮುನ್ನ ಬೇಸಿಗೆಯೊಂದನ್ನು ಕಳೆಯಲು ನೆರವಾಗುತ್ತದೆ. ಸುಣ್ಣ ಬಾಳಿಕೆಯ ಲೇಪನವಲ್ಲ, ನುಣುಪು ತಗಡಿಗೆ ಅದು ಸರಿಯಾಗಿ ಅಂಟುವುದೂ ಇಲ್ಲ. ಸಿಮೆಂಟ್ ಶೀಟಿಗೆ ಚೆನ್ನಾಗಿ ಹಿಡಿಯುತ್ತದೆ. ತಗಡಿಗೆ ಅಕ್ರಿಲಿಕ್ ಬಿಳಿಯೇ ಆಗಬೇಕು. ಏರುವಾಗ ಒಂದು ಎಚ್ಚರ: ಹಳೆಯ ಸಿಮೆಂಟ್ ಶೀಟು ಮನುಷ್ಯನ ಭಾರಕ್ಕೆ ಮುರಿಯುತ್ತದೆ. ಕೆಳಗಿನ ದಬ್ಬೆ, ಪೈಪುಗಳ ಸಾಲನ್ನು ನೋಡಿಕೊಂಡು, ಹಲಗೆ ಹಾಸಿಕೊಂಡೇ ಕಾಲಿಡಬೇಕು. ಕಲ್ನಾರು ಬೆರೆತ ಆ ಹಳೆಯ ಶೀಟನ್ನು ಒಣಗಿದಾಗ ಉಜ್ಜಬಾರದು, ನೆನೆಸಿ ತೊಳೆಯಬೇಕು.

ಚಳಿಗಾಲದಲ್ಲಿ ಬಿಳಿ ಸೂರು ಮನೆಯನ್ನು ಇನ್ನಷ್ಟು ತಣ್ಣಗೆ ಮಾಡದೆ ಎಂಬ ಪ್ರಶ್ನೆ ಶೀತದೇಶಗಳಲ್ಲಿ ನ್ಯಾಯವಾದದ್ದು. ಬೆಂಗಳೂರಿನಲ್ಲಿ ಡಿಸೆಂಬರ್‌ನ ಹಗಲೂ ಸಾಮಾನ್ಯವಾಗಿ 26, 27 ಡಿಗ್ರಿ ಮುಟ್ಟುತ್ತದೆ. ಮನೆ ಬೆಚ್ಚಗಿಡಲು ಯಾರೂ ಹೀಟರು ಹಚ್ಚುವುದಿಲ್ಲ. ಚಳಿ ಕಾಡುವುದು ನಸುಕಿನಲ್ಲಿ. ಆಗ ಬಿಸಿಲೇ ಇಲ್ಲದಿರುವುದರಿಂದ ಕಪ್ಪು, ಬಿಳಿಗಳ ನಡುವೆ ಭೇದವೂ ಇಲ್ಲ; ಎರಡರ ಉತ್ಸರ್ಜನೆ ಒಂದೇ, ಎರಡೂ ಸಮನಾಗಿ ತಣಿಯುತ್ತವೆ. ತೆಳು ತಗಡು ಹಗಲಿನ ಕಾವನ್ನು ರಾತ್ರಿಗೆ ಕೂಡಿಡುವುದೂ ಇಲ್ಲ.

ಶಾಖನಿರೋಧಕ ಹಾಕಿದರಾಯಿತು, ಬಣ್ಣದ ಗೊಡವೆ ಏಕೆ ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಎರಡು ತಗಡುಗಳ ನಡುವೆ ಫೋಮ್ ತುಂಬಿದ ಐವತ್ತು ಮಿಲಿಮೀಟರಿನ ಪಫ್ ಪ್ಯಾನೆಲ್ ಬರಿಯ ತಗಡಿಗಿಂತ ಬಹಳ ಮೇಲು, ಅದರಲ್ಲಿ ಸಂಶಯವಿಲ್ಲ. ಆದರೆ ನಿರೋಧಕ ಮಾಡುವುದು ಹೀರಿದ ಕಾವು ಒಳಬರುವುದನ್ನು ನಿಧಾನಗೊಳಿಸುವ ಕೆಲಸ. ಬಣ್ಣ ಮಾಡುವುದು ಹೀರುವುದನ್ನೇ ತಪ್ಪಿಸುವ ಕೆಲಸ. ಒಳಗಿನ ಜನ, ಯಂತ್ರ, ಒಲೆಗಳಿಂದಲೂ ಕಿಟಕಿಯಿಂದಲೂ ಬಂದು ಸೇರಿದ ಕಾವು ಸಂಜೆ ಹೊರಹೋಗಬೇಕಾದಾಗ ಅದೇ ನಿರೋಧಕ ಅಡ್ಡ ನಿಲ್ಲುತ್ತದೆ. ಬಿಳಿ ಬಳಿದ ತಗಡು ಹಗಲು ತಡೆಯುತ್ತದೆ, ಕತ್ತಲಾದೊಡನೆ ದಾರಿ ಬಿಡುತ್ತದೆ. ಎಸಿ ಇರುವ ಕಡೆ ಎರಡೂ ಬೇಕು. ಎಸಿಯ ಮಾತೇ ಇಲ್ಲದ ಕಡೆ, ತಿಂಗಳ ಬಾಡಿಗೆಯ ಶೀಟ್ ಮನೆಗೆ ಪಫ್ ಪ್ಯಾನೆಲ್ ಹಾಕಿಸುವ ಮಾಲೀಕ ಸಿಗುವುದು ಕಷ್ಟ. ಒಂದು ಡಬ್ಬಿ ಬಿಳಿ ಪೇಂಟ್ ಅವನ ಕೈಗೂ ಎಟುಕುತ್ತದೆ.

ಹಳೆಯ ವೈಟ್‌ಫೀಲ್ಡ್ ಈ ವಾದಕ್ಕೆ ಒಂದು ತೊಡಕನ್ನು ಒಡ್ಡುತ್ತದೆ. 1882ರಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಜಮೀನಿನ ಮೇಲೆ ಆಂಗ್ಲೋ-ಇಂಡಿಯನ್ನರಿಗಾಗಿ ನೆಲೆಗೊಂಡ ಆ ವಸಾಹತಿನ ಬಂಗಲೆಗಳಿಗೆ ಇದ್ದದ್ದು ಕೆಂಪು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ನಾಡಿನ ಉದ್ದಗಲಕ್ಕೂ ಹಬ್ಬಿಸಿದ ಬಣ್ಣ ಅದು. ಬಿಸಿಲಿನ ಮೂರರಲ್ಲಿ ಎರಡು ಭಾಗವನ್ನು ಹೀರುವ ಹೆಂಚಿನ ಕೆಳಗೆ ಜನ ತಣ್ಣಗೆ ಹೇಗಿದ್ದರು? ಉತ್ತರ ಬಣ್ಣದಲ್ಲಿಲ್ಲ, ಕಟ್ಟಣೆಯಲ್ಲಿದೆ. ಹೆಂಚು ದಪ್ಪ, ಮಾಡು ಎತ್ತರ, ಹೆಂಚು ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಸೋರಿಹೋಗುತ್ತದೆ, ಕೆಳಗೆ ಮರದ ಮುಚ್ಚಿಗೆಯೂ ಇದ್ದರೆ ಝಳಕ್ಕೆ ಎರಡನೆಯ ತಡೆ. ಶೀಟ್ ಮನೆ ಈ ನಾಲ್ಕನ್ನೂ ಕಳೆದುಕೊಂಡ ಮನೆ. ಸೂರು ಏಳೆಂಟು ಅಡಿಗೆ ಇಳಿದಿದೆ, ಸಂದಿಗಳು ಮುಚ್ಚಿವೆ, ದಪ್ಪವಿಲ್ಲ, ಮುಚ್ಚಿಗೆಯಿಲ್ಲ. ಹೀಗಾಗಿ ಬಿಸಿಲಿಗೂ ಮನುಷ್ಯನಿಗೂ ನಡುವೆ ಉಳಿದಿರುವ ಒಂದೇ ರಕ್ಷಣೆ ಕೂದಲೆಳೆಗಿಂತ ಹೆಚ್ಚು ದಪ್ಪವಿಲ್ಲದ ಪೇಂಟಿನ ಪದರ.

ಬಿಳಿಯೇ ಆಗಬೇಕೆಂಬ ಕಟ್ಟುಪಾಡೂ ಇಲ್ಲ. ಬಿಸಿಲಿನ ಅರ್ಧ ಕಣ್ಣಿಗೆ ಕಾಣದ್ದಾದ್ದರಿಂದ, ಅವಕೆಂಪು ಕಿರಣಗಳನ್ನು ಹಿಂದಿರುಗಿಸುವ ವರ್ಣದ್ರವ್ಯ ಬೆರೆಸಿ ನೀಲಿ, ಹಸಿರು, ಕಂದು ಬಣ್ಣಗಳನ್ನು ತಯಾರಿಸಬಹುದು. ಕೋಬಾಲ್ಟ್ ಮತ್ತು ಅಲ್ಯೂಮಿನಿಯಂ ಸೇರಿದ ನೀಲಿ ಅಂಥದ್ದು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ನೀಲಿ ಶೀಟುಗಳ ಕಾವಿನಲ್ಲಿ ಹೀಗೆ ಅಂತರ ಬರುತ್ತದೆ. ಬಣ್ಣದ ಶೀಟು ಕೊಳ್ಳುವವರು ಗೇಜು, ಬೆಲೆ ಕೇಳುವಂತೆ ಪ್ರತಿಫಲನ ಎಷ್ಟು, ಉತ್ಸರ್ಜನೆ ಎಷ್ಟು ಎಂದೂ ಕೇಳಬೇಕು. ಎರಡನ್ನೂ ಕೂಡಿಸಿ ಹೇಳುವ ಎಸ್‌ಆರ್‌ಐ ಎಂಬ ಸೂಚ್ಯಂಕವಿದೆ, ಅದರಲ್ಲಿ ಮಾದರಿ ಕಪ್ಪಿಗೆ ಸೊನ್ನೆ, ಮಾದರಿ ಬಿಳಿಗೆ ನೂರು. ಇನ್ನೊಂದು ತುದಿಯಲ್ಲಿ, ಬಿಸಿಲಿನ ನೂರಕ್ಕೆ 98 ಭಾಗವನ್ನು ಹಿಂದಿರುಗಿಸುವ ಬೇರಿಯಂ ಸಲ್ಫೇಟ್ ಪೇಂಟನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2021ರಲ್ಲಿ ತೋರಿಸಿತು. ಇಂಥ ಲೇಪನಗಳ ಸಂಶೋಧನೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ನಡೆದಿದೆ. ಅವು ಬರುವವರೆಗೆ ಕಾಯಬೇಕಾದ ಅಗತ್ಯವೇನಿಲ್ಲ. 0.2ರಿಂದ 0.75ಕ್ಕೆ ಏರುವ ಲಾಭದ ಮುಂದೆ 0.8ರಿಂದ 0.98ಕ್ಕೆ ಏರುವ ಲಾಭ ಚಿಕ್ಕದು.

ಕಾನೂನು ಈ ವಿಷಯವನ್ನು ಒಮ್ಮೆ ಬಹಳ ಸ್ಪಷ್ಟವಾಗಿ ಕಂಡಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಕಲಮಿನ ಮೂಲ ಪಾಠ, ಕಾರ್ಖಾನೆಯೊಳಗಿನ ಅತಿಯಾದ ಶಾಖವನ್ನು ತಗ್ಗಿಸುವ ವಿಧಾನಗಳಲ್ಲಿ ಸುಣ್ಣ ಬಳಿಯುವುದನ್ನು ಹೆಸರಿಟ್ಟು ಹೇಳಿತ್ತು; ನೀರು ಚಿಮುಕಿಸುವುದು, ಸೂರನ್ನು ಎತ್ತರಿಸುವುದು, ನಡುವೆ ಗಾಳಿ ಬಿಟ್ಟು ಎರಡು ಸೂರು ಹಾಕುವುದು ಇವೂ ಅಲ್ಲಿದ್ದವು. 1987ರ ತಿದ್ದುಪಡಿಯಲ್ಲಿ ಆ ಪಟ್ಟಿ ಹೋಗಿ, ಸೂಕ್ತ ಕ್ರಮ ಎಂಬ ಮಾತು ಬಂತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಕೆಲಸದ ಜಾಗದಲ್ಲೋ ಹತ್ತಿರದಲ್ಲೋ ಉಚಿತ ವಸತಿ ಕೊಡಬೇಕೆಂದಿತು, ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು ಜಾಗ ಇರಬೇಕೆಂದಿತು. ವಸತಿಯ ಆ ಕಲಮಿನಲ್ಲಿ ಸೂರಿನ ಕಾವಿನ ಮಾತಿಲ್ಲ. ಈ ಎರಡು ಕಾಯ್ದೆಗಳನ್ನೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿದೆ. ಇನ್ನೊಂದು ಕಡೆ, 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 20 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಚಾವಣಿಗೆ 0.70 ಪ್ರತಿಫಲನ, 0.75 ಉತ್ಸರ್ಜನೆ ಇರಬೇಕೆಂದು ಅಂಕಿಗಳಲ್ಲೇ ಹೇಳಿತು. ಆದರೆ ಅದು ಬರೆದದ್ದು ದೊಡ್ಡ ವಿದ್ಯುತ್ ಹೊರೆಯ ವಾಣಿಜ್ಯ ಕಟ್ಟಡಗಳಿಗೆ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಚೇರಿಗೆ ತಂಪು ಚಾವಣಿಯ ನಿಯಮ ಸಿಕ್ಕಿತು. ಅದನ್ನು ಕಟ್ಟಿದವರು ಮಲಗಿದ್ದ ಶೆಡ್ಡು ವಿದ್ಯುತ್ ಹೆಚ್ಚು ಬಳಸದ ಕಾರಣಕ್ಕೇ ಆ ನಿಯಮದ ಹೊರಗುಳಿಯಿತು. ತೆಲಂಗಾಣ 2023ರಲ್ಲಿ ತಂದ ತಂಪು ಚಾವಣಿ ನೀತಿ ಬಡವರ ವಸತಿಯನ್ನೂ ಒಳಗೊಂಡಿದೆ. ಅಹಮದಾಬಾದಿನಲ್ಲಿ ಕೊಳೆಗೇರಿಯ ಸೂರುಗಳಿಗೆ ಸುಣ್ಣ ಬಳಿಯುವ ಕೆಲಸ 2017ರಿಂದ ನಡೆದಿದೆ.

ಬೆಂಗಳೂರಿನಲ್ಲಿ ಅಡ್ಡಿಯಾಗಿರುವುದು ವಿದ್ಯೆಯ ಕೊರತೆಯೂ ಅಲ್ಲ, ಹಣದ ಕೊರತೆಯೂ ಅಲ್ಲ. ಶೀಟು ಯಾವುದೆಂದು ತೀರ್ಮಾನಿಸುವವರು ಅದರ ಕೆಳಗೆ ಕೂರುವುದಿಲ್ಲ. ಮಾಲೀಕ ಬೆಲೆ ನೋಡುತ್ತಾನೆ, ಫ್ಯಾಬ್ರಿಕೇಶನ್ ಮೇಸ್ತ್ರಿ ಗೋದಾಮಿನಲ್ಲಿ ಮಿಕ್ಕದ್ದನ್ನು ತರುತ್ತಾನೆ, ಕಂಟ್ರಾಕ್ಟರು ಹಿಂದಿನ ಸೈಟಿನಿಂದ ಬಿಚ್ಚಿ ತಂದದ್ದನ್ನೇ ಮತ್ತೆ ಜೋಡಿಸುತ್ತಾನೆ. ಹೀಗೆ ನಾಲ್ಕಾರು ಸೈಟು ಕಂಡ ಶೀಟುಗಳಲ್ಲಿ ಹಳೆಯ ಬೋಲ್ಟಿನ ತೂತುಗಳು ಸಾಲಾಗಿ ಉಳಿದಿರುತ್ತವೆ, ಮಧ್ಯಾಹ್ನ ಒಳಗಿನ ನೆಲದ ಮೇಲೆ ಅವುಗಳಿಂದ ಬಿದ್ದ ಬಿಸಿಲಿನ ಬೊಟ್ಟುಗಳು ನಿಧಾನ ಸರಿಯುತ್ತಿರುತ್ತವೆ. ಬಿಚ್ಚಿ ಜೋಡಿಸುವ ಆ ನಡುವೆ ಶೀಟುಗಳು ನೆಲದ ಮೇಲೆ ಅಂಗಾತ ಬಿದ್ದಿರುತ್ತವಲ್ಲ, ತೂತಿಗೆ ಎಂಸೀಲ್ ಮೆತ್ತಿ, ತುಕ್ಕು ಉಜ್ಜಿ, ಪ್ರೈಮರಿನ ಮೇಲೆ ಎರಡು ಕೋಟು ಬಿಳಿ ಎಳೆಯಲು ಅದಕ್ಕಿಂತ ಸುಲಭದ ಹೊತ್ತಿಲ್ಲ. ಏಣಿ ಬೇಡ, ಹಲಗೆ ಬೇಡ, ಬೀಳುವ ಭಯವಿಲ್ಲ, ಒಂದು ರೋಲರು, ಇಬ್ಬರು ಆಳು, ಒಂದು ಬೆಳಗು.